ಯಶೋದಾ ಖಾಲಿ ಬಿಟ್ಟ ವೃತ್ತಗಳು

ಹೋದ ವಾರ ತಂಗಿಯ ಮಗಳ ಶಾಲೆಯ ಪ್ರಾಜೆಕ್ಟಿಗೆ ಚಾರ್ಟು ಅಂಟಿಸಬೇಕಿತ್ತು. ಮನೆಯಲ್ಲಿದ್ದ ಗೋಂದು ಒಣಗಿ ಕಲ್ಲಾಗಿತ್ತು. ಆ ಹೊತ್ತಿನಲ್ಲಿ ಶಿರಸಿ ಪೇಟೆಗೆ ಹೋಗಿಬರಲು ನನಗೆ ಬೇಸರ. ಕಲಿತ ವಿದ್ಯೆ ಎಲ್ಲಿಗೆ ಹೋಗುತ್ತದೆ ಎಂದುಕೊಂಡು ಸಣ್ಣ ಪಾತ್ರೆಯಲ್ಲಿ ಮೈದಾ ಕದಡಿ ಒಲೆಯ ಮೇಲಿಟ್ಟೆ. ಜಿರಲೆ ತಿನ್ನದಿರಲಿ ಎಂದು ಚಿಟಿಕೆ ಮೈಲುತುತ್ತವನ್ನೂ ಹಾಕಿದೆ. ಅಡಿಕೆಗೆ ಔಷಧಿ ಹೊಡೆಯುವ ತವರಿದ್ದವರಿಗೆ ಮೈಲುತುತ್ತಕ್ಕೆ ಬರವಿಲ್ಲ. ಅಂಟು ಗಟ್ಟಿಯಾಗುತ್ತ ಬಂದಂತೆ ಬೆಂದ ಹಿಟ್ಟಿನ ಜೊತೆ ತಾಮ್ರದಂಥ ಒಂದು ವಾಸನೆ ಎದ್ದಿತು. ತಿರುವುತ್ತಿದ್ದ ಕೈ ಅಲ್ಲೇ ನಿಂತಿತು. ತಳ ಹಿಡಿಯಿತು ದೊಡ್ಡಮ್ಮ ಎಂದು ಹುಡುಗಿ ಕೂಗಿದ ಮೇಲೆಯೇ ನನಗೆ ಎಚ್ಚರ.

ಆ ವಾಸನೆ ನನಗೆ ಒಂದೇ ಒಂದು ವರ್ಷದ್ದು. ಹದಿನೈದು ವರ್ಷದ ಹಿಂದೆ ಯಲ್ಲಾಪುರದಿಂದ ವಜ್ರಳ್ಳಿಯ ಕಡೆ ಹೋಗುವ ದಾರಿಯ ಒಂದು ಪ್ರೌಢಶಾಲೆಯಲ್ಲಿ ನಾನು ಇತಿಹಾಸ ಕಲಿಸಿದ ವರ್ಷದ್ದು. ಶಾಲೆಯ ಹೆಸರು ಇಲ್ಲಿ ಬೇಡ. ತಪ್ಪು ನನ್ನದು, ಶಾಲೆಯದ್ದಲ್ಲ.

ನಾನು ಸಿದ್ದಾಪುರದ ಕಡೆಯವಳು. ಯಲ್ಲಾಪುರ ತಾಲೂಕಿಗೆ ಹಾಕಿದ್ದಾರೆ ಎಂದಾಗ ಅಪ್ಪ ಖುಷಿಪಟ್ಟಿದ್ದು ಅಲ್ಲಿ ನನ್ನ ಸೋದರತ್ತೆಯ ಮನೆ ಇದೆ ಎಂಬ ಕಾರಣಕ್ಕೆ. ಚಿಕ್ಕವಳಿದ್ದಾಗ ಬೇಸಿಗೆ ರಜೆಯನ್ನೆಲ್ಲ ಕಳೆದ ಮನೆ ಅದು. ಮಾವ ತೀರಿಕೊಂಡಿದ್ದರು, ಅತ್ತೆ ಮಗ ಸೊಸೆಯ ಜೊತೆ ಇದ್ದರು. ಮಾತು ಕಡಿಮೆ, ಮಡಿ ಜಾಸ್ತಿ, ನನ್ನ ಮೇಲೆ ಪ್ರೀತಿ ಇನ್ನೂ ಜಾಸ್ತಿ. ಅಲ್ಲಿಂದ ಶಾಲೆಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಮಕ್ಕಳಿಗೆಲ್ಲ ನಾನು ‘ಹೊಸ ಅಕ್ಕೋರು’.

ಹತ್ತನೇ ತರಗತಿಯಲ್ಲಿ ಮೂವತ್ತೊಂದು ಮಕ್ಕಳು. ಮೂರನೆಯ ಬೆಂಚಿನ ಗೋಡೆ ಬದಿಯಲ್ಲಿ ಯಶೋದಾ ಸಿದ್ದಿ. ಆ ವರ್ಷ ಆ ತರಗತಿಗೆ ಬಂದ ಸಿದ್ದಿ ಮಕ್ಕಳಲ್ಲಿ ಅವಳೊಬ್ಬಳೇ, ಉಳಿದವರು ಎಂಟು ಒಂಬತ್ತರಲ್ಲಿ ಬಿಟ್ಟಿದ್ದರು. ಕಪ್ಪು ಮೈಬಣ್ಣ, ಎರಡು ಜಡೆಯಾಗಲು ಒಪ್ಪದೆ ರಿಬ್ಬನ್ನಿನಿಂದ ಹೊರಗೆ ಹಾರುವ ಗುಂಗುರು ಕೂದಲು, ಗಂಟೆ ಬಾರಿಸಿದಂಥ ದನಿ. ಅವಳನ್ನು ನೋಡಿದವರಿಗೆಲ್ಲ ಒಂದೇ ಪ್ರಶ್ನೆ. ಜೂನಿನಲ್ಲಿ ಶಾಲೆ ನೋಡಲು ಬಂದ ಅಧಿಕಾರಿಯೊಬ್ಬರು ಅವಳನ್ನು ನಿಲ್ಲಿಸಿ ನೀನು ಯಾವ ದೇಶದವಳಮ್ಮ ಎಂದು ಕೇಳಿದರು. ಅವಳು ಕೈಕಟ್ಟಿಕೊಂಡು, ಇಲ್ಲೇ ಹೊಳೆ ಆಚೆ ಸರ್, ನಡೆದರೆ ಮುಕ್ಕಾಲು ಗಂಟೆ ಎಂದಳು. ಅವರು ನಕ್ಕರು, ನಾವೂ ನಕ್ಕೆವು. ಅವಳು ನಗಲಿಲ್ಲ ಎಂಬುದು ನನಗೆ ಹೊಳೆದದ್ದು ಎಷ್ಟೋ ತಿಂಗಳ ಮೇಲೆ.

ಅವಳ ಅಪ್ಪ ಅಮ್ಮ ಕೊಡಗಿನ ಕಾಫಿ ತೋಟದ ಕೆಲಸಕ್ಕೆ ಹೋಗಿದ್ದರು. ಅಜ್ಜಿಯ ಜೊತೆ ಉಳಿದು ಓದುತ್ತಿದ್ದಳು. ಹತ್ತನೆಯದು ಪಾಸಾದರೆ ನರ್ಸಿಂಗ್ ಓದಬೇಕು ಎಂಬ ಆಸೆ. ಇದನ್ನು ನನಗೆ ಮೊದಲ ವಾರವೇ ಹೇಳಿದ್ದಳು.

ಹತ್ತನೆಯ ಇತಿಹಾಸದಲ್ಲಿ ಮೊದಲಿಗೇ ಯುರೋಪಿಯನ್ನರು ಬರುತ್ತಾರೆ. ಹಡಗು, ಮೆಣಸು, ಕೋಟೆ, ಗೋವೆ. ನನಗೆ ಪಾಠಕ್ಕೆ ಜೀವ ತುಂಬುವ ಉಮೇದು. ಇತಿಹಾಸ ನಮ್ಮ ಮನೆಯಿಂದಲೇ ಸುರುವಾಗುತ್ತದೆ, ಎಲ್ಲರೂ ಒಂದೊಂದು ಚಾರ್ಟಿನಲ್ಲಿ ತಮ್ಮ ವಂಶವೃಕ್ಷ ಬರೆದು ತನ್ನಿ ಎಂದೆ. ಕೆಳಗೆ ನೀವು, ಮೇಲೆ ಅಪ್ಪ ಅಮ್ಮ, ಅದರ ಮೇಲೆ ಅಜ್ಜ ಅಜ್ಜಿ, ಗೊತ್ತಿದ್ದಷ್ಟು ಮೇಲಕ್ಕೆ ಹೋಗಿ. ಈ ಯೋಚನೆ ಎಲ್ಲಿಂದ ಬಂತು ಎಂದರೆ ನಮ್ಮ ಮನೆತನದ ಹೆಮ್ಮೆಯಿಂದ ಬಂತು. ಶ್ರಾದ್ಧದ ದಿನ ಅಪ್ಪ ತನ್ನ ಅಪ್ಪ, ಅಜ್ಜ, ಮುತ್ತಜ್ಜನ ಹೆಸರು ಹಿಡಿದು ಪಿಂಡ ಇಡುವುದನ್ನು ನೋಡುತ್ತ ಬೆಳೆದವಳು ನಾನು. ನಮ್ಮ ಕುಟುಂಬದ ವಂಶಾವಳಿ ಪುಸ್ತಕವಾಗಿ ಅಚ್ಚಾಗಿದೆ. ಅದರಲ್ಲಿ ಒಂಬತ್ತು ತಲೆಮಾರಿನ ಗಂಡಸರಿದ್ದಾರೆ. ನಾನಿಲ್ಲ, ಅದು ಬೇರೆ ಮಾತು.

ಚಾರ್ಟುಗಳು ಬಂದವು. ಹೆಗಡೆ, ಭಟ್ಟರ ಮನೆಯ ಮಕ್ಕಳು ಏಳೆಂಟು ತಲೆಮಾರು ಏರಿದ್ದರು. ಯಲ್ಲಾಪುರ ಪೇಟೆಯಿಂದ ಬರುವ ಶಬಾನಾ ಲಾರಿ ಓಡಿಸುತ್ತಿದ್ದ ತನ್ನ ಮುತ್ತಜ್ಜನ ಫೋಟೋವನ್ನೇ ಅಂಟಿಸಿದ್ದಳು. ಯಶೋದಾಳ ಚಾರ್ಟು ಎಲ್ಲಕ್ಕಿಂತ ಚೊಕ್ಕ. ದೊಡ್ಡ ಮರ, ಟೊಂಗೆ ಟೊಂಗೆಗೂ ಬಳೆ ಇಟ್ಟು ಎಳೆದ ದುಂಡನೆಯ ವೃತ್ತ. ಕೆಳಗಿನ ನಾಲ್ಕರಲ್ಲಿ ಮಾತ್ರ ಹೆಸರು: ಅವಳದ್ದು, ಅಪ್ಪನದ್ದು, ಅಮ್ಮನದ್ದು, ಅಜ್ಜಿಯದ್ದು. ಅಲ್ಲಿಂದ ಮೇಲೆ ಹನ್ನೆರಡು ವೃತ್ತಗಳು ಖಾಲಿ.

ಯಾಕೆ ಬರೆದಿಲ್ಲ ಎಂದು ಕೇಳಿದೆ. ಅವಳು ತಲೆ ತಗ್ಗಿಸಿ, ಬರೆಯೂಕಿಲ್ಲ ಅಕ್ಕೋರೆ ಎಂದಳು. ಬರೆಯಲು ಏನೂ ಇಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ಬರೆಯಬಾರದು ಎಂದು ಅವಳು ಹೇಳುತ್ತಿರಬಹುದು ಎಂಬುದು ತಲೆಗೆ ಹೊಳೆಯಲೇ ಇಲ್ಲ. ನನಗೆ ಬಂದದ್ದು ಕನಿಕರ. ಪಾಪ, ಈ ಮಗುವಿಗೆ ಹಿಂದಿನವರು ಯಾರೂ ಇಲ್ಲವಲ್ಲ, ಇದಕ್ಕೊಂದು ಇತಿಹಾಸ ಕೊಡುತ್ತೇನೆ ಎಂದು ಹೊರಟೆ.

ಆ ಭಾನುವಾರ ಶಿರಸಿಗೆ ಬಂದು ಪರಿಚಯದ ಪ್ರಾಧ್ಯಾಪಕರೊಬ್ಬರ ಮನೆಯ ಪುಸ್ತಕಗಳ ಮುಂದೆ ಕೂತೆ. ಆಫ್ರಿಕಾದ ಮೂಡಣ ಕರಾವಳಿಯಿಂದ ಪೋರ್ಚುಗೀಸರ ಹಡಗುಗಳಲ್ಲಿ ಜನರನ್ನು ತುಂಬಿ ಗೋವೆಗೆ ತಂದದ್ದು, ಅಲ್ಲಿ ಮಾರಿದ್ದು, ಕೆಲವರು ನಮ್ಮ ಘಟ್ಟದ ಕಾಡು ಸೇರಿದ್ದು, ಎಲ್ಲರೂ ಒಂದೇ ದಾರಿಯಲ್ಲಿ ಬಂದವರಲ್ಲ ಎಂಬುದು, ಎಲ್ಲವನ್ನೂ ಬರೆದುಕೊಂಡೆ. ಓದುತ್ತ ಕಣ್ಣಲ್ಲಿ ನೀರು ಬಂತು. ಆ ನೀರಿನ ಬಗ್ಗೆ ನನಗೆ ಒಂಚೂರು ಹೆಮ್ಮೆಯೂ ಆಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮರುದಿನ ನಲವತ್ತು ನಿಮಿಷ ಪಾಠ ಮಾಡಿದೆ. ಪುಸ್ತಕದಲ್ಲಿಲ್ಲದ ಪಾಠ. ಪೋರ್ಚುಗೀಸರನ್ನು ಮನಸಾರೆ ಬೈದೆ. ಕೊನೆಗೆ ಯಶೋದಾಳ ಚಾರ್ಟು ತೆಗೆದುಕೊಂಡು, ಎಲ್ಲಕ್ಕಿಂತ ಮೇಲಿನ ಖಾಲಿ ವೃತ್ತದ ಒಳಗೆ ಕೆಂಪು ಸ್ಕೆಚ್ ಪೆನ್ನಿನಿಂದ ‘ಆಫ್ರಿಕಾದಿಂದ ತಂದ ಗುಲಾಮರು’ ಎಂದು ಬರೆದೆ. ಅತ್ತೆಯ ಮನೆಯಿಂದ ಡಬ್ಬಿಯಲ್ಲಿ ತಂದ ಮೈದಾ ಅಂಟನ್ನು ನಾಲ್ಕು ಮೂಲೆಗೆ ಸವರಿ, ಗೋಡೆಯ ನಡುಮಧ್ಯದಲ್ಲಿ, ಎಲ್ಲರ ಚಾರ್ಟಿಗಿಂತ ಮೇಲೆ ಅಂಟಿಸಿದೆ. ತರಗತಿಯೆಲ್ಲ ತಿರುಗಿ ಯಶೋದಾಳನ್ನು ನೋಡಿತು. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಭಾವುಕಳಾಗಿದ್ದಾಳೆ ಎಂದುಕೊಂಡೆ.

ಅಲ್ಲಿಂದ ಚೌತಿಯವರೆಗೆ ಏನೇನು ನಡೆಯಿತೋ ನನಗೆ ಪೂರ್ತಿ ಗೊತ್ತಿಲ್ಲ. ಶಬಾನಾ ಆಮೇಲೆ ಹೇಳಿದಷ್ಟು ಮಾತ್ರ ಗೊತ್ತು. ನೀರಿನ ಟ್ಯಾಂಕಿನ ಹತ್ತಿರ ಯಾರೋ ಏ ಗುಲಾಮ ಎಂದು ಕೂಗುವುದು, ಇವಳು ತಿರುಗಿದರೆ ಯಾರೂ ಅಲ್ಲ. ಚೌತಿಗೆ ನಮ್ಮ ಕಡೆ ಮನೆಮನೆಯಲ್ಲಿ ಇಸ್ಪೀಟು. ಹಬ್ಬ ಮುಗಿದು ಶಾಲೆ ಸುರುವಾದ ದಿನ ಅವಳ ಜಾಗದಲ್ಲಿ ಯಾರೋ ಒಂದು ಎಲೆ ಇಟ್ಟಿದ್ದರು. ಇಸ್ಪೀಟಿನ ಗುಲಾಮ. ಯಶೋದಾ ಅದನ್ನು ಎತ್ತಿ ನೋಡಿ, ಬೆಂಚಿನ ಮೇಲೇ ಇಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದಳಂತೆ. ಆಮೇಲೆ ಬರಲೇ ಇಲ್ಲ.

ಗೋಡೆಯ ಮೇಲೆ ಅವಳ ಚಾರ್ಟು ಇರಲಿಲ್ಲ. ಹೋಗುವಾಗ ಕಿತ್ತುಕೊಂಡು ಹೋಗಿದ್ದಳು. ನಾಲ್ಕು ಮೂಲೆಯಲ್ಲಿ ಒಣಗಿದ ಅಂಟಿನ ಕಲೆ, ಒಂದು ಕಡೆ ಸ್ವಲ್ಪ ಹರಿದ ಕಾಗದ ಉಳಿದಿತ್ತು. ಪ್ರತಿದಿನ ಕರಿಹಲಗೆಗೆ ಬೆನ್ನು ಮಾಡಿ ನಿಂತರೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ‘ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು’ ಎನ್ನುತ್ತಾರಲ್ಲ, ಹಾಗಾಗಿತ್ತು ನನ್ನ ಸ್ಥಿತಿ.

ಎರಡು ವಾರ ಕಳೆಯಿತು. ಹಾವೇರಿ ಕಡೆಯ ನಮ್ಮ ಹೆಡ್ ಮಾಸ್ತರು ಒಳ್ಳೆಯವರೇ. ಆದರೂ, ಅವರ ಮಂದಿ ಹಂಗ ರೀ ಮೇಡಂ, ಕೆಲಸ ಸುರು ಆತಂದ್ರ ಸಾಲಿ ಬಿಡ್ತಾರ, ತಲಿ ಕೆಡಿಸ್ಕೋಬ್ಯಾಡ್ರಿ ಎಂದರು. ಇನ್ನೂ ಹದಿನೈದು ದಿನ ಬರದಿದ್ದರೆ ಹಾಜರಾತಿ ಕಡಿಮೆಯಾಗಿ ಪರೀಕ್ಷೆಗೆ ಕೂರಿಸಲು ಬರುವುದಿಲ್ಲ ಎಂದೂ ಹೇಳಿದರು. ಶಬಾನಾ ಇನ್ನೊಂದು ಸುದ್ದಿ ತಂದಳು: ದಸರೆಗೆ ಯಶೋದಾಳ ಅಪ್ಪ ಬರುತ್ತಾನೆ, ಹೇಗೂ ಶಾಲೆಗೆ ಹೋಗುತ್ತಿಲ್ಲವಲ್ಲ ಎಂದು ಕೊಡಗಿಗೆ ಕರೆದುಕೊಂಡು ಹೋಗುತ್ತಾನೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಅತ್ತೆ ಕೇಳಿದರು, ನಾನು ಹೇಳಿದೆ. ಯಾರ ಮನೆಯ ಹುಡುಗಿ ಎಂದು ವಿಚಾರಿಸಿದವರು ಅಜ್ಜಿಯ ಹೆಸರು ಕೇಳುತ್ತಲೇ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟರು.

“ಅದು ನಮ್ಮನೆಲ್ಲಿ ನಲವತ್ತು ವರ್ಷ ಕೆಲ್ಸ ಮಾಡಿದ್ದು. ಸಣ್ಣಿದ್ದಾಗ ನಿನ್ನ ಎತ್ಕಂಡು ತಿರುಗಿದ್ದು. ನಿಂಗೆ ನೆನಪಿಲ್ಲೆ, ಅಲ್ದಾ?” ಎಂದರು. ನಮ್ಮ ಮನೆಮಾತಿನಲ್ಲಿ ಹೆಂಗಸರೆಲ್ಲ ‘ಅದು’ವೇ.

ನೆನಪು ಒಮ್ಮೆಲೇ ಬಂತು. ಮುಖಕ್ಕಿಂತ ಮೊದಲು ಬಂದದ್ದು ಒಂದು ತೆಂಗಿನ ಗರಟೆ. ಕೊಟ್ಟಿಗೆಯ ಹಿಂದೆ ಒಂದು ಗೂಟ, ಅದಕ್ಕೆ ನುಣ್ಣಗೆ ಕೆರೆದ ಗರಟೆ ಸಿಕ್ಕಿಸಿರುತ್ತಿತ್ತು. ಸಂಜೆ ಅವಳು ಅದನ್ನು ತೆಗೆದು ತಾನೇ ತೊಳೆದು ಅಂಗಳದ ಅಂಚಿನಲ್ಲಿ ಕೂತು ಹಿಡಿಯಬೇಕು, ಮನೆಯವರು ನಿಂತು ಮೇಲಿನಿಂದ ಚಹಾ ಸುರಿಯಬೇಕು. ರಜೆಗೆ ಬಂದಾಗ ಸುರಿಯುವ ಕೆಲಸ ನನ್ನದು. ಎಷ್ಟು ಎತ್ತರದಿಂದ ಹನಿ ಚೆಲ್ಲದೆ ಸುರಿಯುತ್ತೇನೆ ಎಂಬುದು ನನಗೆ ದೊಡ್ಡ ಆಟ. ಪೇರಲೆ ಮರದಿಂದ ಬಿದ್ದ ನನ್ನನ್ನು ಎದೆಗೆ ಅವುಚಿಕೊಂಡು ಓಡಿ ಬಂದದ್ದೂ ಅವಳೇ. ಮೆಟ್ಟಿಲವರೆಗೆ ಮಾತ್ರ ತಂದಳು, ಅಲ್ಲಿ ಅತ್ತೆ ಎತ್ತಿಕೊಂಡರು. ಆಗ ಅದು ನನಗೆ ವಿಚಿತ್ರ ಅನ್ನಿಸಿರಲಿಲ್ಲ.

ಮರುದಿನ ಶನಿವಾರ. ಶಾಲೆ ಬೆಳಿಗ್ಗೆಗೇ ಬಿಟ್ಟಿತು. ಶಬಾನಾ ಹೊಳೆಯವರೆಗೆ ಬಂದು ದಾರಿ ತೋರಿಸಿದಳು. ಕಾಡಿನ ಅಂಚಿಗೆ ಐದಾರು ಮನೆ. ಗುಡಿಸಿ ಸಾರಿಸಿದ ಅಂಗಳ. ಜಗಲಿಯಲ್ಲಿ ಯಶೋದಾಳ ಅಜ್ಜಿ ಹಳೆಯ ಸೀರೆಯ ತುಂಡುಗಳನ್ನು ಹರಡಿಕೊಂಡು ಕೌದಿ ಹೊಲಿಯುತ್ತಿದ್ದರು. ನನ್ನನ್ನು ಕಂಡು ಸೂಜಿ ಚುಚ್ಚಿಟ್ಟು ಎದ್ದರು. ಗುರುತು ಹೇಳಬೇಕಾಗಲಿಲ್ಲ. ಇಂಥವರ ಅಣ್ಣನ ಮಗಳಲ್ಲವಾ, ಬನ್ನಿ ಕೂತ್ಕೊಳ್ಳಿ ಎಂದು ಚಾಪೆ ಹಾಸಿದರು. ಯಶೋದಾ ಒಳಗಿದ್ದಳು, ಹೊರಗೆ ಬರಲಿಲ್ಲ.

ಅಜ್ಜಿ ಹೊಸ ಸ್ಟೀಲ್ ಲೋಟ ಎರಡು ಸಲ ತೊಳೆದು ಚಹಾ ತಂದರು. ನನ್ನ ಕೈ ಒಂದು ಗಳಿಗೆ ತಡೆಯಿತು. ತಡೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಪೋರ್ಚುಗೀಸರನ್ನು ನಲವತ್ತು ನಿಮಿಷ ಬೈದವಳ ಕೈ ಅದು. ಅಜ್ಜಿ ನೋಡಿದರು, ನೋಡದವರ ಹಾಗೆ ಇದ್ದರು. ನಾನು ಕುಡಿದೆ. ಆಗ ಅವರು ನಕ್ಕು, ಒಂಚೂರೂ ಕೊಂಕಿಲ್ಲದೆ ಹೇಳಿದರು:

“ಸಣ್ಣವರಿದ್ದಾಗ ನೀವು ಚೊಲೋ ಸುರೀತಿದ್ರಿ, ತಂಗಿ. ಒಂದು ಹನಿ ಚೆಲ್ತಿರಲಿಲ್ಲ.”

ಅವರು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಆ ಹೊಗಳಿಕೆಯನ್ನು ತಡೆದುಕೊಳ್ಳಲಾಗದೆ ಅತ್ತುಬಿಟ್ಟೆ. ಅಜ್ಜಿಗೆ ಗಾಬರಿ. ಸೀರೆಯ ತುಂಡೊಂದನ್ನು ಕೈಗೆ ಕೊಟ್ಟು ಕಣ್ಣು ಒರೆಸಿಕೊಳ್ಳಿ ಎಂದರು. ಸುಧಾರಿಸಿಕೊಂಡ ಮೇಲೆ ನಾನು ಬಂದ ಕಾರಣ ಹೇಳಿದೆ. ತರಗತಿಯಲ್ಲಿ ಹಾಗೆ ಆಗುತ್ತದೆಂದು ಗೊತ್ತಿರಲಿಲ್ಲ, ಯಶೋದಾಳಿಗೆ ಹಿಂದಿನವರ ಹೆಸರು ಗೊತ್ತಿಲ್ಲವಲ್ಲ ಎಂದು ಅಷ್ಟು ಬರೆದೆ ಎಂದೆ.

“ಗೊತ್ತಿಲ್ಲ ಅಂತ ಯಾರು ಹೇಳಿದ್ರು?” ಅಜ್ಜಿಯ ದನಿ ಮೊದಲ ಸಲ ಬಿಗಿಯಾಯಿತು. “ಹನ್ನೊಂದು ಹೆಸರು ಗೊತ್ತುಂಟು ಅವಳಿಗೆ. ಬೇರೆಯವರ ಮನೆದು ನಾ ಹೇಳೂದಿಲ್ಲ. ನಮ್ಮ ಮನೇಲಿ ಹಿರಿಯರ ಹೆಸರು ಅವರಿಗೆ ಎಡೆ ಇಡೋ ದಿನ ಮಾತ್ರ ಹೇಳೂದು. ಬರೀ ದಿನ ಕರೆದ್ರೆ ಅವರು ಎದ್ದು ಬರ್ತಾರೆ. ಬಂದವರಿಗೆ ಉಣ್ಣಲಿಕ್ಕೆ ಇಡಬೇಕಲ್ಲ ಅಕ್ಕೋರೆ? ಚಾರ್ಟಿನ ಮೇಲೆ ಬರೆದು ಗೋಡೆಗೆ ಅಂಟಿಸಿದ್ರೆ ವರ್ಷವಿಡೀ ಹಸಿದು ನಿಂತಿರ್ತಾರೆ.”

ಹನ್ನೊಂದು ಹೆಸರಿಗೆ ಹನ್ನೆರಡು ವೃತ್ತ ಯಾಕೆ ಎಂದು ಕೇಳಿದೆ. ಎಲ್ಲಕ್ಕಿಂತ ಮೇಲಿನದು, ನಾನು ಕೆಂಪು ಪೆನ್ನಿನಲ್ಲಿ ಬರೆದದ್ದು, ಮೊದಲು ಓಡಿಬಂದವಳದ್ದು ಎಂದರು ಅಜ್ಜಿ. ಅವಳ ಹೆಸರು ಮಾತ್ರ ನಿಜವಾಗಿ ಯಾರಿಗೂ ಗೊತ್ತಿಲ್ಲ. ಗೋವೆಯ ಯಾರದೋ ಮನೆಯಿಂದ ಬಸುರಿಯಿದ್ದಾಗ ಹೊರಟವಳು ಎರಡು ಮಳೆಗಾಲ ಕಾಡಿನಲ್ಲಿ ಅಡಗಿ, ಮಗುವನ್ನು ಹೊತ್ತು ಘಟ್ಟ ಹತ್ತಿ, ಈ ಹೊಳೆಯವರೆಗೆ ಬಂದಳು ಎಂದು ಅಜ್ಜಿಯ ಅಜ್ಜಿ ಹೇಳಿದ್ದಂತೆ.

“ತಂದವರು ಯಾರು ಅಂತ ನೀವು ಹೇಳಿದ್ರಿ. ಅದು ಸುಳ್ಳಲ್ಲ. ಓಡಿ ಬಂದವಳು ಅಂತ ಹೇಳಲೇ ಇಲ್ಲ. ಓಡಿದ ಮೇಲೆ ಮತ್ತೆಂಥ ಗುಲಾಮ?”

ಅಷ್ಟು ಪುಸ್ತಕಗಳಲ್ಲಿ ‘ಕೆಲವರು ಕಾಡು ಸೇರಿದರು’ ಎಂಬ ವಾಕ್ಯ ಇತ್ತು, ನಾನು ಅದನ್ನು ಬರೆದುಕೊಂಡೂ ಇದ್ದೆ. ಆ ಕೆಲವರು ಹೇಗೆ ಸೇರಿದರು ಎಂದು ಒಂದು ಗಳಿಗೆ ಯೋಚಿಸಿರಲಿಲ್ಲ. ಆ ಹೊತ್ತಿಗೆ ಯಶೋದಾ ಬಾಗಿಲಿಗೆ ಬಂದು ನಿಂತಿದ್ದಳು. ಕೂದಲು ಬಿಚ್ಚಿತ್ತು, ಕೈಯಲ್ಲಿ ಗಣಿತದ ಪುಸ್ತಕ. ಶಾಲೆ ಬಿಟ್ಟಿದ್ದಳು, ಓದು ಬಿಟ್ಟಿರಲಿಲ್ಲ. ನನಗೆ ಸಮಾಧಾನವೂ ಆಯಿತು, ಇನ್ನಷ್ಟು ನಾಚಿಕೆಯೂ ಆಯಿತು. ಬಾ ಮಗಳೇ, ಸೋಮವಾರ ಬಾ ಎಂದೆ. ಅವಳು ಪುಸ್ತಕ ಮುಚ್ಚಿ ಬಾಗಿಲ ಬದಿಗಿಟ್ಟಳು.

“ಅಕ್ಕೋರೆ, ನಮ್ಮನೆದು ಎಲ್ಲರ ಎದುರಿಗೆ ಹೇಳಿದ್ರಿ. ನಿಮ್ಮನೆದು ಹೇಳ್ತೀರಾ?”

ಅಜ್ಜಿ ಗದರಿಸಿದರು, ಅಕ್ಕೋರಿಗೆ ಹಾಗೆಲ್ಲ ಕೇಳ್ತಾರಾ ಎಂದು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಹೊಳೆ ದಾಟಿ ಬಂದೆ.

ಹೇಳುವುದಕ್ಕೆ ಏನು ಕಷ್ಟ ಎಂದು ಈಗ ಅನ್ನಿಸಬಹುದು. ಆ ತರಗತಿಯ ಅರ್ಧ ಮಕ್ಕಳು ಅತ್ತೆಯ ಮನೆಗೆ ಬಂದುಹೋಗುವ ನೆಂಟರ ಮಕ್ಕಳು. ಅತ್ತೆಯ ಅನ್ನ ಉಣ್ಣುತ್ತ ಅತ್ತೆಯ ಕೊಟ್ಟಿಗೆಯ ಗೂಟದ ಕಥೆಯನ್ನು ಊರಿಗೆ ಹೇಳುವುದು ಹೇಗೆ? ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ’ ಎಂದು ಅಪ್ಪ ಯಾವಾಗಲೂ ಹೇಳುವ ಮಾತು. ಸೋಮವಾರ ಹೋಯಿತು, ಮಂಗಳವಾರ ಹೋಯಿತು. ಯಶೋದಾಳ ಜಾಗ ಖಾಲಿಯೇ ಇತ್ತು. ಬುಧವಾರ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಇನ್ನೊಂದು ಗೈರು ಹಾಕುವಾಗ, ನನ್ನ ಮಾನ ಉಳಿಸಲು ಈ ಹುಡುಗಿ ಕೊಡಗಿಗೆ ಹೋಗಬೇಕೇ ಎಂದು ನನಗೇ ನನ್ನ ಮೇಲೆ ಸಿಟ್ಟು ಬಂತು.

ಗುರುವಾರ ಮೂರನೆಯ ಪೀರಿಯಡ್. ಕರಿಹಲಗೆಯ ಮೇಲೆ ನನ್ನ ವಂಶವೃಕ್ಷ ಬರೆದೆ. ಒಂಬತ್ತು ತಲೆಮಾರು, ಎಲ್ಲ ಹೆಸರೂ ಬಾಯಿಪಾಠ. ಸೋದರತ್ತೆಯ ಹೆಸರನ್ನೂ ಬರೆದೆ, ನನ್ನದನ್ನೂ ಬರೆದೆ. ಆಮೇಲೆ ಗರಟೆಯ ಕಥೆ ಹೇಳಿದೆ. ಯಾರು ಹಿಡಿಯುತ್ತಿದ್ದರು, ಯಾರು ಸುರಿಯುತ್ತಿದ್ದರು, ಎಷ್ಟು ಎತ್ತರದಿಂದ. ಗರಟೆಯನ್ನು ಆ ಗೂಟಕ್ಕೆ ಸಿಕ್ಕಿಸಿದ್ದು ಪೋರ್ಚುಗೀಸರಲ್ಲ ಎಂದೆ. ಪೂರ್ತಿ ಹೇಳಿದೆ. ಯಶೋದಾಳ ಮೂಲ ಅಜ್ಜಿ ಓಡಿ ಬಂದವಳು, ಆ ಚಾರ್ಟಿನ ತುದಿಯಲ್ಲಿ ನಾನು ಬರೆದದ್ದು ತಪ್ಪು ಎಂದೂ ಹೇಳಿದೆ.

ಮುಂದಿನ ಬೆಂಚಿನ ಒಬ್ಬ ಹುಡುಗಿ, ದೊಡ್ಡ ಮನೆಯವಳು, ಮೆಲ್ಲಗೆ ಎದ್ದು ನಿಂತಳು. “ನಮ್ಮನೆಲ್ಲಿ ಗರಟೆ ಅಲ್ದ ಅಕ್ಕೋರೆ, ಸ್ಟೀಲ್ ಲೋಟ. ಹಿಂದ್ಗಡೆ ಇಟ್ಟಿದ್ದ. ಈಗಲೂ ಇದ್ದು,” ಎಂದಳು. ಹೇಳಿ ಕೂತು, ಮುಖ ಮುಚ್ಚಿಕೊಂಡಳು. ಪೀರಿಯಡ್ ಮುಗಿದ ಗಂಟೆಯಾದರೂ ಯಾರೂ ಏಳಲಿಲ್ಲ.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅತ್ತೆ ಎರಡು ದಿನ ಮಾತಾಡಲಿಲ್ಲ. ಬಡಿಸಿದರು, ಬಟ್ಟೆ ಮಡಿಸಿಟ್ಟರು, ಮಾತು ಮಾತ್ರ ಇಲ್ಲ. ಬೇರೆ ಕೋಣೆ ನೋಡಿಕೊಳ್ಳಬೇಕೇನೋ ಎಂದು ನಾನು ಯೋಚಿಸತೊಡಗಿದ್ದೆ. ಮೂರನೆಯ ದಿನ ಹೂ ಕೊಯ್ಯುತ್ತಿದ್ದವರು ತಮ್ಮಷ್ಟಕ್ಕೆ ಹೇಳುವಂತೆ ಹೇಳಿದರು. ಹಿಂದೊಮ್ಮೆ ಅವರಿಗೆ ವಿಷಮಶೀತ ಜ್ವರ ಬಂದು ಬದುಕುವುದಿಲ್ಲ ಎಂದಾಗಿತ್ತು. ಆ ಅಜ್ಜಿ ಹನ್ನೊಂದು ದಿನ ಮನೆಗೆ ಹೋಗದೆ ಕಿಟಕಿಯ ಹೊರಗೆ ಗೋಣಿ ಹಾಸಿಕೊಂಡು ಕೂತಿದ್ದರಂತೆ. ಒಳಗಿನಿಂದ ಅತ್ತೆ ನರಳಿದಾಗಲೆಲ್ಲ ಹೊರಗಿನಿಂದ, ಅಮ್ಮ, ನಾ ಇದ್ದೇನೆ ಎನ್ನುತ್ತಿದ್ದರಂತೆ.

“ಒಂದಿನ ಆದ್ರೂ ಅದನ್ನ ಒಳಗೆ ಕರೆಯವಾಗಿತ್ತು,” ಎಂದರು ಅತ್ತೆ. “ಆನು ಕರದ್ನಿಲ್ಲೆ.”

ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಯಶೋದಾ ನಿಂತಿದ್ದಳು. ಅವಳ ಕಂಕುಳಲ್ಲಿ ಸುರುಳಿ ಸುತ್ತಿದ ಹೊಸ ಚಾರ್ಟು. ಮಧ್ಯಾಹ್ನ ಬಿಚ್ಚಿ ತೋರಿಸಿದಳು. ಅದೇ ಮರ, ಅದೇ ಬಳೆಯ ಅಳತೆಯ ವೃತ್ತಗಳು, ಮೇಲಿನ ಹನ್ನೆರಡೂ ಖಾಲಿ. ಕೆಳಗೆ ಎರಡು ಸಾಲು ದುಂಡಗೆ ಬರೆದಿದ್ದಳು: ‘ಹೆಸರುಗಳು ಇವೆ. ಕೇಳಬೇಕಾದರೆ ಹಿರಿಯರ ದಿನ ನಮ್ಮ ಮನೆಗೆ ಬನ್ನಿ.’ ಅಡುಗೆಯವರ ಒಲೆಯಲ್ಲಿ ಅವಳೂ ಶಬಾನಾಳೂ ಮೈದಾ ಅಂಟು ಕುದಿಸಿದರು. ನಾನು ಚಿಟಿಕೆ ಮೈಲುತುತ್ತ ಹಾಕಿದೆ. ಹಳೆಯ ಕಲೆಯ ಮೇಲೇ ಅಂಟಿಸಿದೆವು. ಈ ಸಲ ಸವರಿದವಳು ಅವಳು, ನಾನು ಬರೀ ಮೂಲೆ ಒತ್ತಿ ಹಿಡಿದೆ.

ದಸರೆ ಕಳೆದ ಮೇಲೆ ಅವರ ಮನೆಯ ಹಿರಿಯರ ದಿನ ಬಂತು. ತರಗತಿಯಿಂದ ಏಳು ಮಕ್ಕಳು ಹೊರಟರು. ನಾನು ಹೊರಡುವಾಗ ನೋಡಿದರೆ ಅತ್ತೆ ಒಳ್ಳೆಯ ಸೀರೆ ಉಟ್ಟು, ಬಾಳೆಗೊನೆಯ ಎರಡು ಚಿಪ್ಪು, ಒಂದು ತೆಂಗಿನಕಾಯಿ ಚೀಲಕ್ಕೆ ಹಾಕಿಕೊಂಡು ನಿಂತಿದ್ದಾರೆ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಹೊಳೆ ದಾಟುವಾಗ ನನ್ನ ತೋಳು ಹಿಡಿದುಕೊಂಡರು.

ಅಂಗಳದಲ್ಲಿ ಅವರನ್ನು ಕಂಡು ಅಜ್ಜಿ ನಿಂತಲ್ಲೇ ನಿಂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಅಜ್ಜಿ, ಒಳಗೆ ಬನ್ನಿ ಅಮ್ಮ ಎಂದರು. ಅತ್ತೆ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋದರು. ಗೋಡೆಯ ಬುಡದಲ್ಲಿ ತೆಂಗಿನಕಾಯಿ, ದೀಪ, ಬಾಳೆಲೆಯ ಮೇಲೆ ಅನ್ನ. ಅಜ್ಜಿ ಕೂತು ಒಂದೊಂದೇ ಹೆಸರು ಹೇಳಿದರು, ಒಂದೊಂದು ಹೆಸರಿಗೆ ಒಂದು ತುತ್ತು ಇಟ್ಟರು. ಗಂಡಸರ ಹೆಸರಿಗಿಂತ ಹೆಂಗಸರ ಹೆಸರು ಹೆಚ್ಚಿತ್ತು. ಹನ್ನೊಂದು ಮುಗಿದ ಮೇಲೆ ದೊಡ್ಡದೊಂದು ತುತ್ತು ತೆಗೆದುಕೊಂಡು, “ಮೊದಲು ಓಡಿ ಬಂದವಳೇ, ನಿನ್ನ ಹೆಸರು ನಮಗೆ ಗೊತ್ತಿಲ್ಲ, ಬಾ, ಉಣ್ಣು,” ಎಂದರು. ಮಕ್ಕಳಲ್ಲಿ ಯಾರೋ ಮೂಗು ಎಳೆದುಕೊಂಡರು. ಆ ಹನ್ನೊಂದು ಹೆಸರು ನನಗೆ ಈಗಲೂ ನೆನಪಿದೆ.

ಎಲ್ಲ ಮುಗಿದು ಅತ್ತೆ ನೀರು ಕೇಳಿದರು. ಯಶೋದಾ ಲೋಟದಲ್ಲಿ ತಂದುಕೊಟ್ಟಳು. ಅತ್ತೆ ಜೀವಮಾನದಲ್ಲಿ ತಮ್ಮ ಮನೆಯ ಲೋಟವನ್ನೂ ಕಚ್ಚಿ ಕುಡಿದವರಲ್ಲ. ಎತ್ತಿ, ತುಟಿಗೆ ತಾಗದಂತೆ ಬಾಯಿಗೆ ಸುರಿದುಕೊಳ್ಳುವುದೇ ಅವರ ಕ್ರಮ. ಅವತ್ತು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತುಟಿಗೆ ಹಚ್ಚಿ, ಕೊನೆಯ ಹನಿಯವರೆಗೆ ಕುಡಿದರು. ಅಜ್ಜಿ ಸೆರಗಿನಿಂದ ಕಣ್ಣು ಒತ್ತಿಕೊಂಡರು. ನಾನಂತೂ ಅಂಗಳಕ್ಕೆ ಹೋಗಿ ಚಪ್ಪಲಿ ಹುಡುಕುವವಳಂತೆ ಬಗ್ಗಿ ನಿಂತೆ.

ಯಶೋದಾಳ ಅಪ್ಪ ಕರೆಯಲು ಬಂದಾಗ ಅಜ್ಜಿ ಕಳಿಸಲಿಲ್ಲ. ಹಾಜರಾತಿ ಅಂತೂ ಇಂತೂ ಮುಟ್ಟಿತು, ಕೊನೆಯ ಎರಡು ತಿಂಗಳು ಯಶೋದಾ ಜ್ವರ ಬಂದರೂ ತಪ್ಪಿಸಲಿಲ್ಲ. ಪರೀಕ್ಷೆಯಲ್ಲಿ ಯುರೋಪಿಯನ್ನರ ಪ್ರಶ್ನೆ ಬಂತು, ಹೊಳೆ ಆಚೆಯವರ ಪ್ರಶ್ನೆ ಬರಲಿಲ್ಲ. ಅವಳು ಪಾಸಾದಳು. ನನಗೆ ಮರುವರ್ಷ ಶಿರಸಿಯ ಕಡೆ ವರ್ಗವಾಯಿತು. ಈಗ ಅವಳು ಯಲ್ಲಾಪುರದಲ್ಲಿ ನರ್ಸ್. ಯಾವ ದೇಶದವಳು ಎಂದು ಈಗಲೂ ಹೊಸ ರೋಗಿಗಳು ಕೇಳುತ್ತಾರಂತೆ. ಹೊಳೆ ಆಚೆ ಎಂದೇ ಹೇಳುತ್ತಾಳಂತೆ. ಅತ್ತೆ ತೀರಿಕೊಂಡು ಆರು ವರ್ಷವಾಯಿತು. ಅವರ ಹನ್ನೆರಡನೆಯ ದಿನ ಅಜ್ಜಿ ಬಂದು ಒಳಗೆ ಕೂತು ಉಂಡು ಹೋದರು.

ಮೈದಾ ಅಂಟು ಕುದಿಸುವ ಎರಡು ದಿನ ಮೊದಲು ಯಶೋದಾ ಫೋನ್ ಮಾಡಿದ್ದಳು. ಚೌತಿಯ ಮಾರನೆಯ ದಿನ ಅಜ್ಜಿ ಹೋದರಂತೆ, ನಿದ್ದೆಯಲ್ಲೇ. ಕಾರ್ಯವೆಲ್ಲ ಮುಗಿಸಿ ಈಗ ತಿಳಿಸುತ್ತಿದ್ದಳು. ಆಮೇಲೆ ಅವಳೇ ಹೇಳಿದಳು: “ಈ ವರ್ಷ ಹನ್ನೆರಡು ಹೆಸರು ಅಕ್ಕೋರೆ. ನಾನೇ ಹೇಳಬೇಕು. ಒಂದು ತಪ್ಪಿದ್ರೆ ಹೇಳಿಕೊಡಲಿಕ್ಕೆ ನೀವು ಪಕ್ಕದಲ್ಲಿ ಇರಿ.”

ಹೋಗುತ್ತೇನೆ. ಒಂದು ಬಾಳೆಗೊನೆ ಹೇಳಿಟ್ಟಿದ್ದೇನೆ. ಇಷ್ಟು ಉದ್ದ ಬರೆದೂ ಅಜ್ಜಿಯ ಹೆಸರನ್ನು ನಾನು ಎಲ್ಲಿಯೂ ಬರೆದಿಲ್ಲ. ಗೊತ್ತಿಲ್ಲದೆ ಅಲ್ಲ. ಹಿರಿಯರ ದಿನಕ್ಕೆ ಇನ್ನೂ ಒಂಬತ್ತು ದಿನ ಇದೆ.